ಸರಾಸರಿಯ ಜೊತೆಗೆ ಸ್ಥಾನವನ್ನೂ ನೋಡಬೇಕು

ಆಟದ ಮಟ್ಟ ಏರಿದಂತೆ ರಗ್ಬಿ ಆಟಗಾರರ ಎತ್ತರ, ತೂಕಗಳೂ ಏರುತ್ತವೆ ಎಂದು ಆಟಗಾರರ ದೇಹದ ಅಳತೆಗಳ ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿದ್ದಾರೆ; ಆ ಮಾತನ್ನು ಒಪ್ಪುತ್ತೇನೆ. ಆದರೆ ಇಡೀ ತಂಡದ ಸರಾಸರಿಯನ್ನಷ್ಟೇ ಹೋಲಿಸಿದರೆ ಮುಖ್ಯ ಸಂಗತಿಯೇ ಮರೆಯಾಗುತ್ತದೆ. 15 ಮಂದಿಯ ತಂಡದಲ್ಲಿ ಮುಂದೆ ನಿಂತು ಚೆಂಡಿಗಾಗಿ ಸೆಣಸುವ 8 ಫಾರ್ವರ್ಡ್‌ಗಳು ಮತ್ತು ಅವರ ಹಿಂದೆ ನಿಂತು ಚೆಂಡು ಹಿಡಿದು ಓಡುವ 7 ಬ್ಯಾಕ್‌ಗಳು ಮಾಡುವ ಕೆಲಸವೇ ಬೇರೆ ಬೇರೆ. ಎರಡೂ ತಂಡಗಳ ಫಾರ್ವರ್ಡ್‌ಗಳು ಚೆಂಡಿಗಾಗಿ ಒಟ್ಟಾಗಿ ತಳ್ಳಾಡುವ ಸ್ಕ್ರಮ್‌ನ ಮೊದಲ ಸಾಲಿನಲ್ಲಿ ನಿಂತು ಎದುರಾಳಿಗಳ ಒತ್ತಡವನ್ನು ಕತ್ತು, ಭುಜಗಳಲ್ಲಿ ತಡೆಯಬೇಕಾದ ಪ್ರಾಪ್ ಆಟಗಾರನಿಗೆ ತೂಕವೂ ದಪ್ಪ ಕತ್ತೂ ಬೇಕಾದರೆ, ಹೊರಹೋದ ಚೆಂಡನ್ನು ಅಂಚಿನ ಗೆರೆಯಿಂದ ಒಳಗೆಸೆಯುವ ಲೈನ್‌ಔಟ್‌ನಲ್ಲಿ ಚೆಂಡಿಗಾಗಿ ಮೇಲೇರುವ ಲಾಕ್ ಆಟಗಾರನಿಗೆ ಎತ್ತರವೇ ಮೊದಲ ಬಂಡವಾಳ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಈ ಸ್ಥಾನದಲ್ಲಿ 2 ಮೀಟರ್ ಆಸುಪಾಸಿನವರು ಸಾಮಾನ್ಯ. ಸ್ಕ್ರಮ್‌ನಿಂದ ಹೊರಬಂದ ಚೆಂಡನ್ನು ಬ್ಯಾಕ್‌ಗಳಿಗೆ ದಾಟಿಸುವ ಸ್ಕ್ರಮ್-ಹಾಫ್ ಮಾತ್ರ ಬಹುಮಟ್ಟಿಗೆ ತಂಡದ ಕುಳ್ಳ ಆಟಗಾರರಲ್ಲೊಬ್ಬ.

ತೂಕದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. 1995ರಲ್ಲಿ ರಗ್ಬಿ ಯೂನಿಯನ್ (15 ಮಂದಿಯ ರಗ್ಬಿ) ವೃತ್ತಿಪರ ಆಟವಾದ ಮೇಲೆ ಆಟಗಾರರ ತೂಕ ಹೆಚ್ಚಿರುವುದು ನಿಜ. ಆದರೆ ಮೇಲಿನ ಮಟ್ಟದಲ್ಲಿ ಹೆಚ್ಚಾಗಿ ಕಾಣುವುದು ಸ್ನಾಯುವಿನ ಪಾಲು. ಸ್ನಾಯು, ಕೊಬ್ಬುಗಳ ಭೇದವನ್ನೇ ಅರಿಯದ ದೇಹ ತೂಕ ಸೂಚ್ಯಂಕವು (ಎತ್ತರಕ್ಕೆ ತೂಕವನ್ನು ಹೋಲಿಸುವ ಬಿಎಂಐ) ಇಂಥವರಲ್ಲಿ ಎಷ್ಟೋ ಮಂದಿಯನ್ನು ಬೊಜ್ಜಿನವರ ಸಾಲಿಗೆ ಸೇರಿಸಿಬಿಡುತ್ತದೆ. ಆದ್ದರಿಂದ ಚರ್ಮದಡಿಯ ಕೊಬ್ಬನ್ನು ತೋರಿಸುವ ಚರ್ಮದ ಮಡಿಕೆಯ ದಪ್ಪವನ್ನೂ ಅಳೆಯುವುದು ಅಗತ್ಯ.

ಒಂದೇ ಸ್ಥಾನದೊಳಗಿನ ಅಂತರವೂ ಸಣ್ಣದಲ್ಲ. ನ್ಯೂಜಿಲೆಂಡಿನ ಜೋನಾ ಲೋಮು ಸುಮಾರು 1.96 ಮೀಟರ್ ಎತ್ತರದ ವಿಂಗರ್ (ಮೈದಾನದ ಅಂಚಿನಲ್ಲಿ ಓಡುವ ಬ್ಯಾಕ್) ಆಗಿದ್ದರು. 2019ರ ವಿಶ್ವಕಪ್ ಗೆದ್ದ ದಕ್ಷಿಣ ಆಫ್ರಿಕಾ ತಂಡದ ವಿಂಗರ್ ಚೆಸ್ಲಿನ್ ಕೋಲ್ಬೆ 1.75 ಮೀಟರನ್ನೂ ಮುಟ್ಟುವುದಿಲ್ಲ. ಬೇಗ ಬೆಳೆದ ಹುಡುಗರನ್ನೇ ಅಳತೆ ನೋಡಿ ಆರಿಸುವ ಕಿರಿಯರ ತರಬೇತುದಾರರು ಇದನ್ನು ಗಮನಿಸಲೇಬೇಕು, ಏಕೆಂದರೆ ತಡವಾಗಿ ಬೆಳೆಯುವ ಹುಡುಗ ಅಷ್ಟರಲ್ಲಿ ಆಟವನ್ನೇ ಬಿಟ್ಟಿರಬಹುದು.