ಹೊಂಡ ಮುಚ್ಚಲು ಹೊಂಡ ಬೇಕು

ನಮ್ಮ ಗ್ರಾಮದ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಕಲ್ಲುಬಯಲಿನಲ್ಲಿ, ಕೆಂಪು ಕಲ್ಲಿನ ಹೊಸ ಕೋರೆ ಬರುತ್ತದೆ, ಅದಕ್ಕೆ ಊರಿನ ಸಂಪೂರ್ಣ ಬೆಂಬಲವೂ ಇದೆ. ಇದು ನನಗೆ ಗೊತ್ತಾದದ್ದು ಕೋರೆಯ ಬಗ್ಗೆ ಊರವರ ಅಭಿಪ್ರಾಯ ಕೇಳುವ ಅಹವಾಲು ಸಭೆಯ ಹಿಂದಿನ ದಿನ, ಕಾರ್ಕಳದ ಬಸ್ಸಿನಿಂದ ಇಳಿಯುವಾಗ ಕಂಡ ಫ್ಲೆಕ್ಸಿನಿಂದ: ‘ಕೋರೆಗೆ ಒಮ್ಮತದ ಬೆಂಬಲ ಸೂಚಿಸಿದ ಸಮಸ್ತ ಗ್ರಾಮಸ್ಥರಿಗೆ ಹೃತ್ಪೂರ್ವಕ ಕೃತಜ್ಞತೆಗಳು.’ ನಾಳೆ ಕೊಡಬೇಕಾದ ಬೆಂಬಲಕ್ಕೆ ಇಂದೇ ಕೃತಜ್ಞತೆ ಸಂದಾಯವಾದ ಮೇಲೆ ಹೋಗದಿರುವುದು ಮರ್ಯಾದೆಯಲ್ಲವೆಂದು ಹೋದೆ.

ಅಹವಾಲು ಸಭೆಗೆ ನಿಯಮಗಳಿಗೇನೂ ಬರವಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ನಮ್ಮ ಭಾಷೆಯಲ್ಲಿ ಸಿಗಬೇಕು, ಕಲಾಪವನ್ನೆಲ್ಲ ವಿಡಿಯೊ ಮಾಡಬೇಕು. ನನಗೆ ಬಹಳ ಹಿಡಿಸಿದ ನಿಯಮ ಮಾತ್ರ ಬೇರೆ: ಸಭೆ ಶುರುವಾಗಲು ಕೋರಂ ಬೇಕಿಲ್ಲ. ಹಾಲಿನ ಸೊಸೈಟಿಯ ಮಹಾಸಭೆಗೆ ಕೋರಂ ಬೇಕು, ಗುಡ್ಡವೊಂದು ಹೋಗುವುದಕ್ಕೆ ಬೇಡ.

ಆದರೂ ಪೆಂಡಾಲು ತುಂಬಿತ್ತು. ಬಿಸಿ ಗೋಳಿಬಜೆಗೆ ಕೋರಂ ಕೂಡಿಸುವ ಶಕ್ತಿ ಇದೆ. ಮುಂದಿನ ಸಾಲಿನಲ್ಲಿ ಯುವಕ ಮಂಡಲದ ಹುಡುಗರು ಹೊಸ ಕಬಡ್ಡಿ ಅಂಗಿ ತೊಟ್ಟು ಕುಳಿತಿದ್ದರು; ಬೆನ್ನ ಮೇಲೆ ಕೋರೆಯ ಹೆಸರು. ದೈವಸ್ಥಾನಕ್ಕೆ ತಗಡಿನ ಚಪ್ಪರವೂ ಬಂದಾಗಿದೆಯಂತೆ. ಈ ಕೆಂಪು ಕಲ್ಲನ್ನು, ನಮ್ಮ ಮುರಕಲ್ಲನ್ನು, ಮಲಬಾರಿನಲ್ಲಿ ಕಂಡು 1807ರಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್, ಇದು ಕಡಿಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆಂದು ಬರೆದಿದ್ದಾನೆ. ನಮ್ಮೂರಿನ ವಿರೋಧದ ಗುಣ ಇದಕ್ಕೆ ತದ್ವಿರುದ್ಧ. ಮನೆಯ ಜಗಲಿಯಲ್ಲಿ ಕಲ್ಲಿನಂತಿರುತ್ತದೆ, ಪೆಂಡಾಲಿನ ಗಾಳಿ ತಾಗಿದೊಡನೆ ಮೆತ್ತಗಾಗುತ್ತದೆ. (ನನ್ನ ಮನೆಯ ಗೋಡೆಯೂ ಇದೇ ಕಲ್ಲಿನದು. ಹಾಗಾಗಿ ನಾನೂ ಗಂಟಲು ಏರಿಸಲಿಲ್ಲ.)

ಬೆಂಬಲದ ನಿಜವಾದ ಗುಟ್ಟು ಇರುವುದು ಹಳೆಯ ಕೋರೆಯಲ್ಲಿ. ಕಲ್ಲು ಮುಗಿದ ದಿನವೇ ಯಂತ್ರ, ಲಾರಿ, ಮಾಲೀಕ ಎಲ್ಲರೂ ಮಾಯ; ಉಳಿದದ್ದು ತೆಂಗಿನ ಮರವೊಂದು ಮುಳುಗುವಷ್ಟು ಆಳದ ಹೊಂಡ. ಜೂನಿನಲ್ಲಿ ಅದರ ನೀರು ಕೆಂಪು, ದೀಪಾವಳಿಯ ಹೊತ್ತಿಗೆ ಹಸಿರು. ಅಂಚು ಗರಗಸದಲ್ಲಿ ಕೊಯ್ದಂತೆ ನೆಟ್ಟಗೆ, ಜಾರಿದವರಿಗೆ ಹಿಡಿಯಲು ಒಂದು ಬೇರೂ ಇಲ್ಲ. ಬೇಲಿ ಹಾಕುತ್ತೇವೆ ಎಂದಿದ್ದರು. ಗಣಿ ಮಾಡಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆಯಲ್ಲ, ಅದನ್ನು ಇಲ್ಲಿ ಮಳೆಗಾಲವೇ ಪಾಲಿಸುತ್ತಿದೆ. ಆಗಸ್ಟಿನಲ್ಲಿ ತಾನಾಗಿ ಎದ್ದ ಹುಲ್ಲಿನ ಫೋಟೊ ‘ಭೂಮಿಯ ಪುನಶ್ಚೇತನ’ ಎಂಬ ತಲೆಬರಹದಡಿ ವರದಿಯಲ್ಲಿತ್ತು. ಫೆಬ್ರವರಿಯ ಫೋಟೊ ಇರಲಿಲ್ಲ.

ಈಗ ಹೊಸ ಕೋರೆಯವರು ಕೊಟ್ಟ ಭರವಸೆ ಏನೆಂದರೆ, ಈ ಹಳೆಯ ಹೊಂಡವನ್ನು ಅವರೇ ಮುಚ್ಚಿಕೊಡುತ್ತಾರೆ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಒಬ್ಬ ಮೇಸ್ತ್ರಿ ಎದ್ದು, ಮಣ್ಣು ಎಲ್ಲಿಂದ ತರುತ್ತೀರಿ ಎಂದು ಕೇಳಿದ.

“ಹೊಸ ಕೋರೆಯ ಮೇಲ್ಮಣ್ಣು ಇದೆಯಲ್ಲ ಅಣ್ಣ, ಅದನ್ನೇ.”

“ಆ ಪದವಿನಲ್ಲಿ ಮಣ್ಣು ಎಲ್ಲಿದೆ ಮಾರಾಯರೇ? ಕಾಲಿಟ್ಟರೆ ಕಲ್ಲು.”

“ಸಾಲದಿದ್ದರೆ ಇನ್ನೂ ಆಳಕ್ಕೆ ಹೋಗುತ್ತೇವೆ.”

“ಆಗ ಹೊಸ ಹೊಂಡವನ್ನು ಮುಚ್ಚುವುದು ಯಾವುದರಿಂದ?”

ಉತ್ತರಿಸುತ್ತಿದ್ದ ಹೊಸ ಕೋರೆಯ ಪ್ರತಿನಿಧಿ ನಕ್ಕರು. ಅದಕ್ಕೂ ವ್ಯವಸ್ಥೆಯಾಗಿದೆಯಂತೆ, ಪಕ್ಕದ ಸರ್ವೆ ನಂಬರಿಗೆ ಅರ್ಜಿ ಹೋಗಿದೆ. ಮೇಸ್ತ್ರಿ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತ ಕುಳಿತ. ಹೀಗೆ ಒಂದನ್ನು ಮುಚ್ಚಲು ಇನ್ನೊಂದು ತೋಡುತ್ತ ಹೋದರೆ ಕೊನೆಯ ಹೊಂಡ ಹೆಬ್ರಿ ದಾಟಿ ಘಟ್ಟ ಹತ್ತಬೇಕಾದೀತು. ಅಲ್ಲಿನ ಗ್ರಾಮಸ್ಥರಿಗೂ ಮುಂಗಡವಾಗಿ ಕೃತಜ್ಞತೆ ಹೇಳಿಬಿಡುವುದು ಒಳ್ಳೆಯದು.

ಕೊನೆಗೆ ಅಹವಾಲುಗಳ ಪಟ್ಟಿಯನ್ನು ಓದಿದರು. ಗುಡ್ಡದ ಕೆಳಗಿನ ಬಾವಿಗಳ ಬಗ್ಗೆ ಒಬ್ಬ ಹೆಂಗಸು ಹೇಳಿದ್ದು ‘ಕುಡಿಯುವ ನೀರಿನ ಬಗ್ಗೆ ಸಲಹೆ’ಯಾಗಿ ದಾಖಲಾಗಿತ್ತು. ಮೇಸ್ತ್ರಿಯ ಪ್ರಶ್ನೆ ‘ಪುನಶ್ಚೇತನಕ್ಕೆ ಸಾರ್ವಜನಿಕರಿಂದ ಆಸಕ್ತಿ’ ಎಂದಾಗಿತ್ತು.

ಸಭೆ ಮುಗಿದು ವಾರವಾಯಿತು. ನಿನ್ನೆ ಆ ದಾರಿಯಲ್ಲಿ ಬರುವಾಗ ನೋಡಿದೆ, ಹಳೆಯ ಹೊಂಡಕ್ಕೆ ಅಂತೂ ಬೇಲಿ ಬಂದಿದೆ. ಬಸ್ ನಿಲ್ದಾಣದ ಫ್ಲೆಕ್ಸನ್ನೇ ಬಿಚ್ಚಿ ತಂದು ಎರಡು ಅಡಕೆ ಸಲಾಕೆಗೆ ಕಟ್ಟಿದ್ದಾರೆ. ಕೃತಜ್ಞತೆ ನೀರಿನ ಕಡೆಗೆ ಮುಖ ಮಾಡಿದೆ.