ಹಾಡಿನ ಪಾಸ್‌ಪೋರ್ಟ್ ತೋರಿಸಿ

ಕೆನಡಾದ ಟೊರೊಂಟೊ ನಗರದ ಸ್ಕಾರ್ಬರೋದಲ್ಲಿ, ಮಗಳ ಮನೆ ಹತ್ತಿರ ಒಂದು ತಮಿಳು ದಿನಸಿ ಅಂಗಡಿ ಇದೆ. ಬಾಗಿಲು ತಳ್ಳಿದರೆ ಮೊದಲು ಒಣಮೀನಿನ ವಾಸನೆ, ಆಮೇಲೆ ರೇಡಿಯೊ. ಗಲ್ಲಾದ ಪಕ್ಕ ಕೂತು ಅದು ಬೆಳಗಿಂದ ರಾತ್ರಿವರೆಗೂ ಮಾತಾಡುತ್ತಲೇ ಇರುತ್ತದೆ. ಅಂಗಡಿಯವರು ಜಾಫ್ನಾದವರು, 1983ರ ಗಲಭೆ ಆದಮೇಲೆ ಲಂಕೆ ಬಿಟ್ಟವರು. ನನ್ನ ಬೆಂಗಳೂರು ತಮಿಳು ಕೇಳಿ ಹೊಟ್ಟೆ ಹಿಡಿದು ನಗುತ್ತಾರೆ. ಅವರನ್ನು ‘ಅಣ್ಣೆ’ ಅಂತ ಕರೆಯೋದನ್ನು ಅವರಿಂದಲೇ ಕಲಿತೆ.

ಒಂದಿನ ಇಳಯರಾಜ ಹಾಡುಗಳು ಸಾಲಾಗಿ ಬರುತ್ತಿದ್ದವು. ನಡುವೆ ಇದ್ದಕ್ಕಿದ್ದ ಹಾಗೆ ಯಾರೋ ಹುಡುಗ, ಮನೆಯ ನೆಲಮಾಳಿಗೆಯಲ್ಲಿ ಕೂತು ಹಾಡಿದಂತಿದ್ದ ಒಂದು ಹಾಡು. ‘ಇದೇನಣ್ಣೆ?’ ಅಂದೆ. ‘ಅದು ಸರ್ಕಾರಿ ಹಾಡು’ ಅಂದರು.

ಆಮೇಲೆ ಗೊತ್ತಾಯಿತು. ಕೆನಡಾದಲ್ಲಿ ರೇಡಿಯೊ, ಟಿವಿ ನೋಡಿಕೊಳ್ಳಲು ಸಿಆರ್‌ಟಿಸಿ ಅಂತ ಒಂದು ಆಯೋಗವಿದೆ. 1968ರಲ್ಲಿ ಹುಟ್ಟಿದ್ದು. ಪಕ್ಕದ ಅಮೆರಿಕದ ಹಾಡುಗಳು ಗಡಿ ದಾಟಿ ಬಂದು ತಮ್ಮವರನ್ನು ಮುಳುಗಿಸಿಬಿಡುತ್ತವೆ ಅನ್ನೋದು ಅದರ ಹೆದರಿಕೆ. ಹೆದರಿಕೆ ಸುಳ್ಳೂ ಅಲ್ಲ. ಅದಕ್ಕೇ ಮಾಮೂಲಿ ಪಾಪ್ ಸ್ಟೇಷನ್ ಹಾಕುವ ಹಾಡುಗಳಲ್ಲಿ ನೂರಕ್ಕೆ 35 ಕೆನಡಾದ್ದೇ ಆಗಿರಬೇಕು. ವಲಸೆ ಬಂದವರ ಕಾರ್ಯಕ್ರಮಗಳಿಗೆ ರಿಯಾಯಿತಿ, ನೂರಕ್ಕೆ 7 ಸಾಕು. ಅಂದರೆ ಸುಮಾರು ಹದಿನಾಲ್ಕು ಹಾಡಿನಲ್ಲಿ ಒಂದು ಕೆನಡಾ ಹಾಡು. ಅಮೆರಿಕವನ್ನು ತಡೆಯಲು ಕಟ್ಟಿದ ಅಣೆಕಟ್ಟಿನಲ್ಲಿ ಚೆನ್ನೈಯನ್ನೂ ತಡೆದ ಹಾಗಾಯಿತು. ಚೆನ್ನೈ ಅಲ್ಲಿಂದ ಎಷ್ಟು ದೂರ ಅಂತ ಯಾರೂ ನಕ್ಷೆ ನೋಡಲಿಲ್ಲ ಅನಿಸುತ್ತೆ.

ಹಾಡು ಕೆನಡಾದ್ದು ಅಂತ ತಿಳಿಯೋದು ಹೇಗೆ? ಅದಕ್ಕೆ 1971ರಿಂದ ನಾಲ್ಕು ಅಕ್ಷರದ ಜಾತಕ ಇದೆ: ಎಂ, ಎ, ಪಿ, ಎಲ್. ಸಂಗೀತ ಯಾರದು, ಹಾಡಿದವರು ಯಾರು, ರೆಕಾರ್ಡಿಂಗ್ ಎಲ್ಲಿ, ಸಾಹಿತ್ಯ ಯಾರದು. ಕೂಡಿಸಿ ಓದಿದರೆ ಮೇಪಲ್, ಅವರ ಬಾವುಟದ ಎಲೆ. ನಾಲ್ಕರಲ್ಲಿ ಎರಡು ಕೂಡಿಬಂದರೆ ಪಾಸು. ಸ್ಕಾರ್ಬರೋದ ಹುಡುಗ ಚೆನ್ನೈನಲ್ಲಿ ಟ್ಯೂನ್ ಮಾಡಿಸಿ, ಅಲ್ಲೇ ರೆಕಾರ್ಡ್ ಮಾಡಿ, ಸಾಹಿತ್ಯ ಮಾತ್ರ ತಾನು ಬರೆದು ತಾನೇ ಹಾಡಿದರೆ ಅದು ಅಪ್ಪಟ ಕೆನಡಾ ಹಾಡು. ಮರೀನಾ ಬೀಚಿನ ಸುಂಡಲ್ ಬಗ್ಗೆ ಬರೆದಿದ್ದರೂ ಸರಿ. ಚೆನ್ನೈನವರು ಟೊರೊಂಟೊ ಹಿಮದ ಬಗ್ಗೆ ಹಲ್ಲು ಕಡಕಡ ಅನ್ನಿಸುತ್ತಾ ಹಾಡಿ ಕಳಿಸಿದರೆ ಸೊನ್ನೆ.

ತಮಿಳರಿಗೆ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಬ್ರಯನ್ ಆಡಮ್ಸ್ ಕೆನಡಾದಲ್ಲೇ ಹುಟ್ಟಿದ ಗಾಯಕ. 1991ರಲ್ಲಿ ಅವರ ಆಲ್ಬಂ ಜಗತ್ತೆಲ್ಲ ಓಡಿತು. ಆದರೆ ಹಾಡುಗಳನ್ನು ಅವರ ಜೊತೆ ಕೂತು ಬರೆದವರು ವಿದೇಶಿ. ಆಯೋಗ ಜಾತಕ ನೋಡಿ, ಇವು ಕೆನಡಾದವಲ್ಲ ಅಂದಿತು. ಗಲಾಟೆ ಆದಮೇಲೆ ನಿಯಮ ತಿದ್ದಿದರು. ಮನೆಮಗನ ಕಥೆಯೇ ಹೀಗಾದರೆ ಇಳಯರಾಜ ಪಾಡೇನು?

ರೆಹಮಾನ್ ವಿಷಯ ಇನ್ನೂ ಮಜಾ. ಟೊರೊಂಟೊ ಪಕ್ಕದ ಮಾರ್ಕಮ್ ಊರಲ್ಲಿ 2013ರಲ್ಲಿ ಒಂದು ಬೀದಿಗೆ ಅವರ ಹೆಸರಿಟ್ಟರು. ಬೀದಿ ಕೆನಡಾದ್ದು. ಆ ಬೀದಿಯಲ್ಲಿ ಕಾರು ನಿಲ್ಲಿಸಿ ಅವರ ಹಾಡು ಕೇಳಿದರೆ, ಹಾಡು ಮಾತ್ರ ಪರದೇಶಿ.

ಮನುಷ್ಯರ ವಿಷಯದಲ್ಲಿ ಆ ದೇಶ ಇಷ್ಟು ಬಿಗಿ ಇಲ್ಲ, ಪಾಪ. ಕಾಯಂ ನಿವಾಸಿ ಅಂತಾದವರು ಐದು ವರ್ಷದಲ್ಲಿ 1,095 ದಿನ ಅಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಹಾಡಿಗೆ ಆ ಭಾಗ್ಯ ಇಲ್ಲ. ನಲವತ್ತು ವರ್ಷ ಅದೇ ಊರಿನ ಅಡುಗೆಮನೆಗಳಲ್ಲಿ, ಮದುವೆಗಳಲ್ಲಿ, ಟ್ಯಾಕ್ಸಿಗಳಲ್ಲಿ ದುಡಿದರೂ ಅದು ವಿಸಿಟರ್ ವೀಸಾದಲ್ಲೇ ಇರುತ್ತದೆ.

ಇನ್ನು ಭಾಷೆಯ ಲೆಕ್ಕ. ಆಯೋಗದ 1999ರ ನೀತಿಯ ಪ್ರಕಾರ ಇಂಗ್ಲಿಷ್, ಫ್ರೆಂಚ್ ಮತ್ತು ಮೂಲನಿವಾಸಿಗಳ ಭಾಷೆ ಬಿಟ್ಟು ಉಳಿದದ್ದೆಲ್ಲ ‘ಮೂರನೇ ಭಾಷೆ’. ಸಂಗಂ ಕಾವ್ಯದ ತಮಿಳೂ ಮೂರನೆಯದು, ಪಂಪನ ಕನ್ನಡವೂ ಮೂರನೆಯದು. ಇಲ್ಲಿ ಕಾವೇರಿ ನೀರಿಗೆ ಕಿತ್ತಾಡುವವರಿಗೆ ಅಲ್ಲಿ ಒಂದೇ ಪಂಕ್ತಿ, ಅಕ್ಕಪಕ್ಕದ ಎಲೆ. ಯಾವ ಸಂಧಾನಕಾರರಿಗೂ ಆಗದ್ದನ್ನು ಒಂದು ಫಾರಂ ಮಾಡಿ ಮುಗಿಸಿದೆ ನೋಡಿ.

ವಲಸೆ ಬಂದವರ ಕಾರ್ಯಕ್ರಮಕ್ಕೆ ಸರ್ಕಾರಿ ಹೆಸರು ‘ಜನಾಂಗೀಯ ಕಾರ್ಯಕ್ರಮ’. ಹಾಗಂದರೆ ಏನು ಅನ್ನೋದಕ್ಕೂ ಅದೇ ನೀತಿಯಲ್ಲಿ ವ್ಯಾಖ್ಯಾನ ಇದೆ. ಅದರಲ್ಲಿ ಮೂಲನಿವಾಸಿಗಳನ್ನು ಬಿಟ್ಟಿದ್ದಾರೆ. ಸರಿ, ಅವರು ಅಲ್ಲಿಯವರೇ. ಫ್ರಾನ್ಸ್ ಮತ್ತು ಬ್ರಿಟಿಷ್ ದ್ವೀಪಗಳಿಂದ ಬಂದವರನ್ನೂ ಬಿಟ್ಟಿದ್ದಾರೆ. ಅವರೂ ಹಡಗು ಹತ್ತಿ ಬಂದವರೇ ಅಲ್ವಾ? ಆದರೆ ಅವರಿಗೆ ಜನಾಂಗ ಅನ್ನೋದೇ ಇಲ್ಲ. ಬಸ್ಸಿಗೆ ಮುಂಚೆ ಹತ್ತಿ ಸೀಟಿಗೆ ಟವಲ್ ಹಾಕಿದವರು. ಆಮೇಲೆ ಹತ್ತಿದವರೆಲ್ಲ ಜನಾಂಗ.

ಹಾಗೆ ಆಮೇಲೆ ಹತ್ತಿದವರಿಗೆ ಅಂತಲೇ ಇರುವ ಸ್ಟೇಷನ್ ಹೊತ್ತಿನ ಶೇಕಡಾ 60ರಷ್ಟನ್ನು ಇಂಥ ಕಾರ್ಯಕ್ರಮಕ್ಕೆ, 50ರಷ್ಟನ್ನು ಮೂರನೇ ಭಾಷೆಗೆ ಕೊಡಬೇಕು. ಒಂದೇ ಭಾಷೆಗೆ ಅಂಟಿಕೊಂಡು ಕೂರುವಂತಿಲ್ಲ, ಎಷ್ಟು ಗುಂಪು, ಎಷ್ಟು ಭಾಷೆ ಅಂತ ಲೈಸೆನ್ಸಿನಲ್ಲೇ ಬರೆದಿರುತ್ತದೆ. ಇದೆಲ್ಲ ಲೆಕ್ಕಕ್ಕೆ ಬರೋದು ಬೆಳಗ್ಗೆ 6ರಿಂದ ರಾತ್ರಿ 12ರವರೆಗೆ, ವಾರಕ್ಕೆ 126 ಗಂಟೆ. ಉಳಿದ ಹೊತ್ತು ನಿಯಮಗಳು ಮಲಗಿರುತ್ತವೆ. ಕೆನಡಾದ ಅಸ್ಮಿತೆಗೂ ನಿದ್ದೆ ಬೇಕು.

ನಮ್ಮ ಖಾಸಗಿ ಎಫ್‌ಎಂಗಳು ಸ್ವಂತ ವಾರ್ತೆ ಓದುವಂತಿಲ್ಲ, ಬೇಕಿದ್ದರೆ ಆಕಾಶವಾಣಿಯದ್ದನ್ನೇ ಮರುಪ್ರಸಾರ ಮಾಡಬೇಕು. ಅದು ನೆನಪಾಗಿ ಸ್ವಲ್ಪ ಕಡಿಮೆ ನಕ್ಕೆ.

ಹೊರಡುವ ಹಿಂದಿನ ದಿನ ಕರಿಬೇವು ತರಲು ಹೋಗಿದ್ದೆ. ರೇಡಿಯೊದಲ್ಲಿ ಮರಣ ವಾರ್ತೆ ಓದುತ್ತಿದ್ದರು. ಜಾಫ್ನಾ ಹತ್ತಿರದ ಯಾವುದೋ ಹಳ್ಳಿಯಲ್ಲಿ ಹುಟ್ಟಿದವರು, ಸ್ಕಾರ್ಬರೋದಲ್ಲಿ ವಾಸವಾಗಿದ್ದವರು, ಮಕ್ಕಳು ಲಂಡನ್‌ನಲ್ಲಿ, ಪ್ಯಾರಿಸ್‌ನಲ್ಲಿ. ಅಣ್ಣೆ ಚಿಲ್ಲರೆ ಎಣಿಸೋದನ್ನು ನಿಲ್ಲಿಸಿ ಕೇಳಿಸಿಕೊಂಡರು. ಓದಿ ಮುಗಿದ ಮೇಲೆ ಒಂದು ಹಳೆಯ ಸಿನಿಮಾ ಹಾಡು ಬಂತು.

‘ಇದು ಕೆನಡಾ ಲೆಕ್ಕಕ್ಕೆ ಬರುತ್ತಾ ಅಣ್ಣೆ?’

‘ಹೋದವರು ಬರ್ತಾರೆ. ಹಾಡು ಬರಲ್ಲ’ ಅಂದು ಕರಿಬೇವನ್ನು ತಕ್ಕಡಿಗೆ ಹಾಕಿದರು.