ಬೌದ್ಧ, ತಾವೋ ದಾರಿಗೆ ಕೆಲಸ ಬಿಡಬೇಕೆ?

‘ಬೌದ್ಧ ಇಲ್ಲವೇ ತಾವೋ (ಚೀನಾದ ಹಳೆಯ ಧರ್ಮಪಂಥ) ದಾರಿ ಹಿಡಿಯಬೇಕಾದರೆ ಮೊದಲು ಕೆಲಸ, ಸಂಸಾರ ಬಿಡಬೇಕು. ಬೌದ್ಧ, ತಾವೋ ಎರಡರಲ್ಲಿ ಒಂದನ್ನೇ ಆರಿಸಬೇಕು’ ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಬುದ್ಧನ ಹೆಸರಾಂತ ಅನುಯಾಯಿ ಅನಾಥಪಿಂಡಿಕ ದೊಡ್ಡ ವ್ಯಾಪಾರಿ, ಕೊನೆಯವರೆಗೂ ಗೃಹಸ್ಥ. ಆಯುಧ, ಮನುಷ್ಯರು, ಮಾಂಸ, ಮದ್ಯ, ವಿಷ ಈ 5 ವ್ಯಾಪಾರ ಬೇಡ ಎಂದು ಪಾಲಿ ಭಾಷೆಯ ಬೌದ್ಧ ಗ್ರಂಥ ಗೃಹಸ್ಥರಿಗೆ ಹೇಳುತ್ತದೆ. ದುಡಿಯಲೇಬಾರದು ಅಂದಿದ್ದರೆ ಈ ಪಟ್ಟಿ ಯಾಕೆ ಬೇಕಿತ್ತು, ಅಲ್ವಾ?

ತಾವೋ ಪಂಥದ ಚುವಾನ್‌ಜೆನ್ ಶಾಖೆಯವರು ಮಠದಲ್ಲಿ ಬ್ರಹ್ಮಚಾರಿಗಳಾಗಿರುತ್ತಾರೆ, ನಿಜ. ಆದರೆ ಝೆಂಗ್‌ಯಿ ಶಾಖೆಯ ಪುರೋಹಿತರು ಮದುವೆಯಾಗಿ ಮನೆಯಲ್ಲೇ ಇರಬಹುದು.

ಚೀನಾದಲ್ಲಂತೂ ಜನ ಶತಮಾನಗಳಿಂದ ಬೌದ್ಧ, ತಾವೋ ಎರಡನ್ನೂ ಜೊತೆಗೇ ಪಾಲಿಸಿದ್ದಾರೆ. ಸುಮ್ನೆ ಓದಿ, ಧ್ಯಾನ ಮಾಡಿ ನೋಡಲು ರಾಜೀನಾಮೆ ಬೇಕಿಲ್ಲ. ಸನ್ಯಾಸದ ಸೆಳೆತವೇ ಜಾಸ್ತಿ ಇದ್ದರೆ, ಥಾಯ್ಲೆಂಡಿನಲ್ಲಿ ಕೆಲವು ವಾರಗಳ ತಾತ್ಕಾಲಿಕ ಸನ್ಯಾಸದ ಪದ್ಧತಿಯೂ ಇದೆ.